ಹಳೇ ಡೀಸೆಲ್ ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಪಂಪ್ ಬಿಚ್ಚಿಸುವ ಮುಂಚೆ ಮನೆಯಲ್ಲೇ ನೋಡಬೇಕಾದದ್ದು

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿ. ಗೇಟಿನಿಂದ ಒಳಗೆ ಬರಲು ಒಂದು ಏರು ಇದೆ. ಗಾಡಿ ಯಾವಾಗಲೂ ಮೂತಿ ಮೇಲೆ ಮಾಡಿಕೊಂಡು ನಿಲ್ಲುತ್ತದೆ. ನಮ್ಮದು 2001ರ ಡೀಸೆಲ್ ಗಾಡಿ. ಎರಡು ತಿಂಗಳು ಬೆಳಗ್ಗೆ ಹತ್ತು ಹನ್ನೆರಡು ಸಲ ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಒಂದು ಸಲ ಶುರುವಾದರೆ ಸಂಜೆವರೆಗೂ ಏನೂ ತೊಂದರೆ ಇಲ್ಲ. ಒಂದು ಗ್ಯಾರೇಜಿನಲ್ಲಿ "ಪಂಪ್ ಹೋಗಿದೆ ಸಾರ್" ಅಂದರು. ಇಂಜಿನ್‌ಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಆ ಪಂಪ್ ಬಿಚ್ಚಿದರು, ಸೀಲ್ ಕಿಟ್ ಹಾಕಿದರು, ದುಡ್ಡು ತಗೊಂಡರು. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ.

ಆ ದಸರಾ ರಜೆಗೆ ಮದ್ದೂರಿನ ಹತ್ತಿರ ದೊಡ್ಡಪ್ಪನ ಮನೆಗೆ ಹೋಗಿದ್ದೆವು. ಗಾಡಿ ಸಮತಟ್ಟಾದ ಕಣದಲ್ಲಿ ನಿಂತಿತ್ತು. ಬೆಳಗ್ಗೆ ಅರ್ಧ ಸೆಲ್ಫ್‌ಗೇ ಸ್ಟಾರ್ಟ್ ಆಯಿತು! ದೊಡ್ಡಪ್ಪ ಮೂವತ್ತು ವರ್ಷ ಡೀಸೆಲ್ ಜೀಪ್ ಇಟ್ಟುಕೊಂಡಿದ್ದವರು. "ಒಸಿ ತಡ್ಕೊ ಮಗ. ನಿಮ್ಮನೇಲಿ ಗಾಡಿ ಹೆಂಗ್ ನಿಲ್ಸ್ತೀಯಾ?" ಅಂದರು. ಏರಿನ ವಿಷಯ ಹೇಳಿದೆ. ಬಾನೆಟ್ ಎತ್ತಿಸಿ ಡೀಸೆಲ್ ಫಿಲ್ಟರ್‌ಗೆ ಬರುವ ಗೇಣುದ್ದದ ರಬ್ಬರ್ ಪೈಪ್ ಬಗ್ಗಿಸಿ ತೋರಿಸಿದರು. ಕ್ಲ್ಯಾಂಪ್ ಕೆಳಗೆ ಕೂದಲೆಳೆಯಷ್ಟು ಬಿರುಕು. ಒಂದು ತೊಟ್ಟು ಡೀಸೆಲ್ ಹೊರಗೆ ಸೋರಿರಲಿಲ್ಲ. ಆದರೆ ಅಲ್ಲಿಂದ ಗಾಳಿ ಒಳಗೆ ಹೋಗುತ್ತಿತ್ತು. ರಾತ್ರಿಯೆಲ್ಲ ಪೈಪಿನ ಡೀಸೆಲ್ ಇಳಿಜಾರಿನಲ್ಲಿ ಹಿಂದಿನ ಟ್ಯಾಂಕಿಗೆ ವಾಪಸ್ ಹೋಗುತ್ತಿತ್ತು. ನೂರು ರೂಪಾಯಿ ಪೈಪಿನ ಕೆಲಸಕ್ಕೆ ನಾನು ಪಂಪ್ ಬಿಚ್ಚಿಸಿದ್ದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹಳೇ ಡೀಸೆಲ್ ಇಂಜಿನ್‌ಗೆ ಬೇಕಾಗಿರುವುದು ಗಾಳಿ, ಆ ಗಾಳಿ ಬಿಸಿಯಾಗುವಷ್ಟು ಒತ್ತಡ, ಸರಿಯಾದ ಹೊತ್ತಿಗೆ ಒಂದಿಷ್ಟು ಡೀಸೆಲ್, ಅಷ್ಟೇ. ಇದರಲ್ಲಿ ಯಾವುದು ಕೈಕೊಟ್ಟಿದೆ ಅಂತ ಸ್ಪ್ಯಾನರ್ ಮುಟ್ಟುವ ಮುಂಚೆಯೇ ಬಹುಪಾಲು ಗೊತ್ತು ಮಾಡಿಕೊಳ್ಳಬಹುದು.

ಯಾವ ಗಾಡಿಗೆ ಇದು ಅನ್ವಯ

ಡೀಸೆಲ್ ಅಂಬಾಸಿಡರ್, ಮಹೀಂದ್ರ ಜೀಪ್, 1994ರಲ್ಲಿ ಬಂದ ಸುಮೋ, 1998ರ ಕೊನೆಗೆ ಬಂದ ಇಂಡಿಕಾ, 2000ದಿಂದ 2005ರವರೆಗೆ ಮಾರಾಟವಾದ ಕ್ವಾಲಿಸ್, ಹಳೇ ಬೊಲೆರೊ. ಇವುಗಳಲ್ಲಿ ಕಂಪ್ಯೂಟರ್ ನಂಬದ ಮೆಕ್ಯಾನಿಕಲ್ ಪಂಪ್ ಇರುತ್ತದೆ. ನಮ್ಮ ಕಡೆ ಇದನ್ನು ಇವತ್ತಿಗೂ ಮೈಕೋ ಪಂಪ್ ಅಂತಲೇ ಕರೆಯುತ್ತಾರೆ. ಬೆಂಗಳೂರಿನ ಆ ಕಂಪನಿಯ ಹೆಸರು 2008ರಲ್ಲೇ ಬಾಷ್ ಅಂತ ಬದಲಾಗಿದೆ, ಆದರೆ ಜನರ ಬಾಯಲ್ಲಿ ಮೈಕೋ ಉಳಿದಿದೆ.

ನಿಮ್ಮ ಗಾಡಿ ಹಿಂದೆ ಸಿಆರ್‌ಡಿಐ, ಡೈಕಾರ್, ಮಲ್ಟಿಜೆಟ್, ಡಿ-4ಡಿ ಅಂತ ಬರೆದಿದ್ದರೆ ಅದು ಕಾಮನ್ ರೇಲ್, ಅಂದರೆ ಕಂಪ್ಯೂಟರ್ ನಡೆಸುವ ಹೊಸ ಕಾಲದ ಡೀಸೆಲ್ ವ್ಯವಸ್ಥೆ. ಅದರ ಪೈಪುಗಳಲ್ಲಿ ಸಾವಿರ ಬಾರ್‌ಗೂ ಜಾಸ್ತಿ ಒತ್ತಡ ಇರುತ್ತದೆ. ಕೆಳಗೆ ಹೇಳುವ ನಾಜಲ್ (ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ಭಾಗ) ಪೈಪ್ ಲೂಸ್ ಮಾಡುವ ಕೆಲಸವನ್ನು ಅಂಥ ಗಾಡಿಯಲ್ಲಿ ಮಾಡಲೇಬೇಡಿ.

ಕೈ ಹಾಕುವ ಮುಂಚೆ

ಹಳೇ ಪಂಪಿನ ನಾಜಲ್ ಕೂಡ ನೂರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಡೀಸೆಲ್ ಸಿಡಿಸುತ್ತದೆ. ಆ ಸಿಡಿತಕ್ಕೆ ಬೆರಳು ಕೊಟ್ಟರೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದ ಗುರುತಷ್ಟೇ ಕಾಣುತ್ತದೆ, ನೋವೂ ಮೊದಲಿಗೆ ಇರುವುದಿಲ್ಲ. ಹಾಗಾದರೆ ಮನೆಮದ್ದು ಬೇಡ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ "ಒತ್ತಡದ ಡೀಸೆಲ್ ಬೆರಳಿನೊಳಗೆ ಹೋಗಿದೆ" ಅಂತಲೇ ಹೇಳಿ. ತಡಮಾಡಿದರೆ ಬೆರಳೇ ಹೋಗಬಹುದು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಡಿ, ಚಕ್ರಕ್ಕೆ ಕಲ್ಲು ಕೊಡಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ.

ಇನ್ನೊಂದು ಅಪಾಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಕೆಲವು ಸಲ ಡೀಸೆಲ್ ಇಂಜಿನ್ ತನ್ನದೇ ಆಯಿಲ್ ಕುಡಿದು ಓಡಲು ಶುರುಮಾಡುತ್ತದೆ. ಕೀ ತೆಗೆದರೂ ನಿಲ್ಲುವುದಿಲ್ಲ, ಕಿರುಚುತ್ತಾ ವೇಗ ಏರುತ್ತಾ ಹೋಗುತ್ತದೆ. ಆಗ ಇಂಜಿನ್ ಒಳಗೆ ಗಾಳಿ ಹೋಗುವ ಬಾಯಿಯನ್ನು ಮರದ ಹಲಗೆಯಿಂದ ಮುಚ್ಚಬೇಕು, ಕೈಯಿಂದ ಅಲ್ಲ. ಅಥವಾ ಒಳಗೆ ಕೂತು ದೊಡ್ಡ ಗೇರ್ ಹಾಕಿ, ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿದು ಕ್ಲಚ್ ಬಿಡಬೇಕು. ನಾನು ಕೆಲಸ ಮಾಡುವಾಗ ಒಂದು ಚಪ್ಪಟೆ ಹಲಗೆ ಪಕ್ಕದಲ್ಲೇ ಇಟ್ಟುಕೊಂಡಿರುತ್ತೇನೆ.

ಸಾಮಾನು ಜಾಸ್ತಿ ಬೇಡ. 8ರಿಂದ 19ರವರೆಗಿನ ರಿಂಗ್ ಸ್ಪ್ಯಾನರ್, ಒಂದು ಮಲ್ಟಿಮೀಟರ್, 12 ವೋಲ್ಟ್ ಬಲ್ಬಿಗೆ ಎರಡು ವಯರ್ ಕಟ್ಟಿದ ಟೆಸ್ಟ್ ಲ್ಯಾಂಪ್, ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಎರಡು ಮೀಟರ್, ಒಳ್ಳೆ ಕ್ಲ್ಯಾಂಪ್, ಒಂದು ಗಾಜಿನ ಬಾಟಲಿ, ಹಳೇ ಬನಿಯನ್ ಬಟ್ಟೆ.

ಸೆಲ್ಫ್ ನಿಧಾನವಾಗಿ ತಿರುಗಿದರೆ

ಡೀಸೆಲ್ ಇಂಜಿನ್ ಜೋರಾಗಿ ತಿರುಗದಿದ್ದರೆ ಒಳಗಿನ ಗಾಳಿ ಬಿಸಿಯಾಗುವುದಿಲ್ಲ, ಬೆಂಕಿ ಹತ್ತುವುದಿಲ್ಲ. ಹಾಗಾಗಿ ಮೊದಲು ಬ್ಯಾಟರಿ ನೋಡಿ. ರಾತ್ರಿಯೆಲ್ಲ ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಫುಲ್ ಚಾರ್ಜ್, 12.2 ಅಂದರೆ ಅರ್ಧ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸುಸ್ತಾಗಿದೆ. ಇಂಜಿನ್ ಓಡುವಾಗ 13.8ರಿಂದ 14.4 ಇರಬೇಕು.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ಎಳೆಯದಿದ್ದರೆ ಅರ್ತ್ ವಯರ್ ನೋಡಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಇಂಜಿನ್ ಮೈಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿಯಿಲ್ಲ. ಬಿಚ್ಚಿ, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿಯಾಗಿ ಹಾಕಿ. ಟರ್ಮಿನಲ್ ಮೇಲಿನ ಬಿಳಿ ಬೂಷ್ಟಿಗೆ ಬಿಸಿನೀರು, ಅಡುಗೆ ಸೋಡಾ ಸಾಕು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ತಿರುಗುತ್ತದೆ, ಆದರೆ ಹತ್ತಲ್ಲ

ಈಗ ಒಬ್ಬರನ್ನು ಸೈಲೆನ್ಸರ್ ಹಿಂದೆ ನಿಲ್ಲಿಸಿ. ಸೆಲ್ಫ್ ಹೊಡೆಯುವಾಗ ಹೊಗೆ ಬರುತ್ತಾ? ಇಡೀ ಪರೀಕ್ಷೆಯಲ್ಲಿ ಇದೇ ಮುಖ್ಯ ಪ್ರಶ್ನೆ.

ಹೊಗೆಯೇ ಇಲ್ಲ ಅಂದರೆ ಡೀಸೆಲ್ ಸಿಲಿಂಡರ್‌ಗೆ ತಲುಪುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ತಲುಪುತ್ತಿದೆ, ಉರಿಯುತ್ತಿಲ್ಲ. ಮೊದಲನೆಯದು ಪೈಪಿನ ಕಡೆಯ ಕಥೆ. ಎರಡನೆಯದು ಹೀಟರ್ ಪ್ಲಗ್ (ಡೀಸೆಲ್ ಉರಿಯುವ ಜಾಗ ಬಿಸಿಮಾಡುವ ಕಡ್ಡಿ), ಕಂಪ್ರೆಷನ್ (ಒಳಗಿನ ಗಾಳಿಯ ಒತ್ತಡ) ಅಥವಾ ಟೈಮಿಂಗ್ (ಡೀಸೆಲ್ ಸಿಡಿಯುವ ಹೊತ್ತು).

ಹೊಗೆ ಇಲ್ಲದಿದ್ದರೆ ಮೊದಲು ಪಂಪ್ ಮೇಲಿರುವ, ಕರೆಂಟಿನಿಂದ ಡೀಸೆಲ್ ಬಿಡುವ-ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್ ನೋಡಿ. ಕೀ ಆನ್ ಮಾಡಿದಾಗ "ಟಕ್" ಅನ್ನಬೇಕು. ಅನ್ನದಿದ್ದರೆ ಅದರ ವಯರಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಬಲ್ಬ್ ಉರಿಯದಿದ್ದರೆ ಫ್ಯೂಸ್ ಅಥವಾ ವಯರ್, ಉರಿದರೆ ಸೊಲೆನಾಯ್ಡ್ ಸತ್ತಿದೆ. ಹಳೇ ಜೀಪುಗಳಲ್ಲಿ ಎಳೆದು ಆಫ್ ಮಾಡುವ ಕೇಬಲ್ ಇರುತ್ತದೆ. ಅದು ಪೂರ್ತಿ ವಾಪಸ್ ಹೋಗದೆ ಅರ್ಧಕ್ಕೆ ಸಿಕ್ಕಿಕೊಂಡಿದ್ದರೂ ಗಾಡಿ ಹತ್ತಲ್ಲ.

ಆಮೇಲೆ ಬಾಟಲಿ ಪರೀಕ್ಷೆ. ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದ ಕೆಲಸ ಇನ್ನೊಂದಿಲ್ಲ. ಸ್ವಚ್ಛವಾದ ಒಂದು ಲೀಟರ್ ಬಾಟಲಿಗೆ ಬಟ್ಟೆಯಲ್ಲಿ ಸೋಸಿದ ಡೀಸೆಲ್ ತುಂಬಿ ಬಾನೆಟ್ ಹತ್ತಿರ ಎತ್ತರಕ್ಕೆ ಭದ್ರವಾಗಿ ಕಟ್ಟಿ. ಟ್ಯಾಂಕಿನಿಂದ ಫಿಲ್ಟರ್‌ಗೆ ಬರುವ ಪೈಪ್ ತೆಗೆದು, ಅಲ್ಲಿಗೆ ಬಾಟಲಿಯಿಂದ ಪಾರದರ್ಶಕ ಪೈಪ್ ಕೊಡಿ. ವಾಪಸ್ ಹೋಗುವ ಪೈಪನ್ನೂ ಬಾಟಲಿಗೇ ಬಿಡಿ. ಏರ್ ತೆಗೆದು (ಕ್ರಮ ಕೆಳಗಿದೆ) ಸ್ಟಾರ್ಟ್ ಮಾಡಿ. ಗಾಡಿ ಹತ್ತಿ ಚೆನ್ನಾಗಿ ಓಡಿದರೆ ನಿಮ್ಮ ಪಂಪ್ ಚೆನ್ನಾಗಿದೆ. ತೊಂದರೆ ಇರುವುದು ಟ್ಯಾಂಕಿನಿಂದ ಫಿಲ್ಟರ್‌ವರೆಗಿನ ದಾರಿಯಲ್ಲಿ. ಬಾಟಲಿಯಲ್ಲೂ ಸರಿಹೋಗದಿದ್ದರೆ ಫಿಲ್ಟರ್ ಬದಲಾಯಿಸಿ ಇನ್ನೊಂದು ಸಲ ನೋಡಿ. ಈ ಅರ್ಧ ಗಂಟೆ ಕೆಲಸವನ್ನು ನಾನು ಮೊದಲೇ ಮಾಡಿದ್ದರೆ ಆ ಸೀಲ್ ಕಿಟ್ ದುಡ್ಡು ಉಳಿಯುತ್ತಿತ್ತು.

ದಾರಿಯಲ್ಲಿ ಗಾಳಿ ಎಲ್ಲಿ ಹೋಗುತ್ತಿದೆ ಅಂತ ಹುಡುಕಲು ಫಿಲ್ಟರ್‌ಗೆ ಡೀಸೆಲ್ ಬರುವ ಕಡೆ ಗೇಣುದ್ದ ಪಾರದರ್ಶಕ ಪೈಪ್ ಹಾಕಿ ಇಂಜಿನ್ ಓಡಿಸಿ. ಸಾಲುಸಾಲಾಗಿ ಗುಳ್ಳೆ ಬಂದರೆ ಬಿರುಕು ಅದಕ್ಕಿಂತ ಹಿಂದೆ, ಟ್ಯಾಂಕಿನ ಕಡೆ. ಫಿಲ್ಟರ್ ದಾಟಿದ ಮೇಲೆ ಮಾತ್ರ ಗುಳ್ಳೆ ಕಂಡರೆ ಫಿಲ್ಟರ್‌ನ ರಬ್ಬರ್ ರಿಂಗ್, ಕೈಪಂಪ್ (ಕೈಯಿಂದ ಒತ್ತಿ ಡೀಸೆಲ್ ಎಳೆಯುವ ಚಿಕ್ಕ ಪಂಪ್) ಅಥವಾ ಬೋಲ್ಟಿನ ತಾಮ್ರದ ವಾಷರ್. ನಮ್ಮ ಗಾಡಿಯಲ್ಲಿ ಗುಳ್ಳೆಗಳು ಸಾಸಿವೆ ಕಾಳಿನಷ್ಟೇ ದಪ್ಪ ಇದ್ದವು. ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿಯಾಗುತ್ತಿದ್ದವು. ಪಂಪ್ ಹೀರುವ ಭಾಗದಲ್ಲಿ ಬಿರುಕಿದ್ದರೆ ಹೊರಗೆ ಡೀಸೆಲ್ ಸೋರಬೇಕೆಂದೇನಿಲ್ಲ. ಒಣಗಿದ ಪೈಪ್ ನೋಡಿ ಮೋಸ ಹೋಗಬೇಡಿ. ಬಗ್ಗಿಸಿ ನೋಡಿ, ಗಡುಸಾಗಿದ್ದರೆ ಬದಲಾಯಿಸಿ. ಟ್ಯಾಂಕ್ ಮುಚ್ಚಳ ತೆಗೆದಾಗ "ಸುಯ್" ಅಂತ ಗಾಳಿ ಒಳಗೆ ಎಳೆದರೆ ಅದರ ಗಾಳಿ ತೂತು ಕಟ್ಟಿಕೊಂಡಿದೆ, ಅದನ್ನೂ ಸರಿಮಾಡಿ.

ಏರ್ ತೆಗೆಯುವ ಕ್ರಮ

ಫಿಲ್ಟರ್ ಬದಲಾಯಿಸಿದಾಗ, ಡೀಸೆಲ್ ಖಾಲಿಯಾಗಿ ನಿಂತಾಗ, ಪೈಪ್ ಬಿಚ್ಚಿದಾಗಲೆಲ್ಲ ಇದನ್ನು ಮಾಡಬೇಕು.

1. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಒಂದು ಸುತ್ತು ಲೂಸ್ ಮಾಡಿ, ಕೆಳಗೆ ಬಟ್ಟೆ ಹಿಡಿಯಿರಿ. ಟೈಮಿಂಗ್ ಬೆಲ್ಟ್ (ಪಂಪ್, ವಾಲ್ವ್‌ಗಳನ್ನು ನಡೆಸುವ ಹಲ್ಲಿನ ಬೆಲ್ಟ್) ಇರುವ ಗಾಡಿಯಾದರೆ ಬೆಲ್ಟಿನ ಮೇಲೆ ಡೀಸೆಲ್ ಬೀಳದಂತೆ ನೋಡಿಕೊಳ್ಳಿ.

2. ಕೈಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿ ಮಾಡಿ. ಮೂವತ್ತು ನಲವತ್ತು ಸಲ ಒತ್ತಬೇಕಾಗಬಹುದು.

3. ಪಂಪ್ ಮೇಲೂ ಏರ್ ಸ್ಕ್ರೂ ಇದ್ದರೆ ಅಲ್ಲೂ ಹೀಗೇ ಮಾಡಿ.

4. ಇನ್ನೂ ಹತ್ತದಿದ್ದರೆ ಎರಡು ನಾಜಲ್‌ಗಳ ಪೈಪ್ ನಟ್ ಅರ್ಧ ಸುತ್ತು ಸಡಿಲಿಸಿ, ಮೇಲೆ ಬಟ್ಟೆ ಹಾಕಿ, ದೂರ ನಿಲ್ಲಿ. ಒಳಗಿರುವವರು ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಲಿ. ಒಂದು ಸಲಕ್ಕೆ ಹತ್ತು ಸೆಕೆಂಡ್ ಸಾಕು, ನಡುವೆ ಅರ್ಧ ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರ್ ಸುಟ್ಟುಹೋಗುತ್ತದೆ.

5. ನಟ್ ಸಂದಿಯಿಂದ ಡೀಸೆಲ್ ಚಿಮ್ಮಲು ಶುರುವಾದ ಮೇಲೆ ಸೆಲ್ಫ್ ನಿಲ್ಲಿಸಿ ಬಿಗಿ ಮಾಡಿ. ಈಗ ಹೊಡೆದರೆ ಇಂಜಿನ್ ಕುಂಟುತ್ತಾ ಎದ್ದು, ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಒರೆಸಿ, ಎಲ್ಲೂ ಒದ್ದೆ ಇಲ್ಲವಾ ಅಂತ ನೋಡಿ.

ಬಿಳಿ ಹೊಗೆ ಬರುತ್ತಿದ್ದರೆ ಹೀಟರ್ ಪ್ಲಗ್

ನಮ್ಮ ಊರಿನಲ್ಲಿ ಚಳಿ ಎಲ್ಲಿದೆ ಅಂತ ಹೀಟರ್ ಪ್ಲಗ್ ಮರೆತುಬಿಡುತ್ತಾರೆ. ಡಿಸೆಂಬರ್, ಜನವರಿ ಬೆಳಗಿನ ಮೈಸೂರಿನ ಥಂಡಿ ಹಳೇ ಇಂಜಿನ್‌ಗೆ ಸಾಕಷ್ಟಾಯಿತು. ಸುಮೋ, ಇಂಡಿಕಾ ಥರದ ಇಂಜಿನ್‌ಗಳಲ್ಲಿ ಡೀಸೆಲ್ ಮೊದಲು ಒಂದು ಚಿಕ್ಕ ಕೋಣೆಯಲ್ಲಿ ಉರಿಯುತ್ತದೆ. ಆ ಕೋಣೆ ತಣ್ಣಗಿದ್ದರೆ ಹತ್ತಲ್ಲ.

ಮೊದಲು ಪ್ಲಗ್‌ಗಳನ್ನು ಜೋಡಿಸುವ ಪಟ್ಟಿಗೆ ಟೆಸ್ಟ್ ಲ್ಯಾಂಪ್ ಹಿಡಿದು ಹೀಟರ್ ಆನ್ ಮಾಡಿ. ಕರೆಂಟ್ ಬರದಿದ್ದರೆ ರಿಲೇ ಅಥವಾ ಫ್ಯೂಸ್. ಬಂದರೆ ಪಟ್ಟಿ ಬಿಚ್ಚಿ. ಲ್ಯಾಂಪಿನ ಒಂದು ವಯರ್ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಒಂದೊಂದೇ ಪ್ಲಗ್ ತುದಿಗೆ ಮುಟ್ಟಿಸಿ. ಬಲ್ಬ್ ಉರಿಯದಿದ್ದರೆ ಆ ಪ್ಲಗ್ ಸತ್ತಿದೆ. ಪ್ಲಗ್ ಬಿಚ್ಚುವಾಗ ಇಂಜಿನ್ ಸ್ವಲ್ಪ ಬೆಚ್ಚಗಿರಲಿ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಬರಲಿಲ್ಲ ಅಂತ ಜೋರು ಮಾಡಿದರೆ ಇಂಜಿನ್ ಮೇಲ್ಭಾಗದ ಹೆಡ್ಡಿನೊಳಗೇ ಮುರಿದುಕೊಳ್ಳುತ್ತದೆ, ಆಗ ಹೆಡ್ ಇಳಿಸಬೇಕಾಗಬಹುದು. ಸುಲಭವಾಗಿ ಸ್ಟಾರ್ಟ್ ಆಗಲಿ ಅಂತ ಈಥರ್ ಸ್ಪ್ರೇ ಹೊಡೆಯಬೇಡಿ. ಕಾದ ಹೀಟರ್ ಪ್ಲಗ್‌ಗೆ ಅದು ತಾಗಿದರೆ ಸ್ಫೋಟ ಆಗುತ್ತದೆ.

ಪ್ಲಗ್ ಎಲ್ಲ ಚೆನ್ನಾಗಿದ್ದೂ ಬಿಳಿ ಹೊಗೆ ಬಿಟ್ಟು ಹತ್ತದಿದ್ದರೆ ಕಂಪ್ರೆಷನ್ ಕಡೆ ಅನುಮಾನ ಪಡಿ. ಇಂಜಿನ್ ಹೇಗೋ ಶುರುವಾದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಸಣ್ಣಗೆ ಆವಿ ಬಂದರೆ ಸಹಜ. ರೈಸ್ ಮಿಲ್ ಚಿಮಣಿ ಥರ ಬುಸ್‌ಬುಸ್ ಅಂತ ಬಂದರೆ ಪಿಸ್ಟನ್ ರಿಂಗ್ ಸವೆದಿದೆ.

ಓಡುವಾಗ ಬರುವ ಹೊಗೆ, ಮಿಸ್ಸಿಂಗ್

ಚಾಮುಂಡಿ ಬೆಟ್ಟದ ರಸ್ತೆ ನಮಗೆ ಒಳ್ಳೆಯ ಪರೀಕ್ಷೆ. ನಾಲ್ಕು ಜನ ಕೂತು ಏರುವಾಗ ತೆಳ್ಳಗೆ ಕಪ್ಪು ಬಂದರೆ ಹಳೇ ಗಾಡಿಗೆ ಸಹಜ. ಹಿಂದಿನವರಿಗೆ ದಾರಿ ಕಾಣದಷ್ಟು ಬಂದರೆ ಮೊದಲು ಏರ್ ಫಿಲ್ಟರ್ ತೆಗೆದು ನೋಡಿ. ಕಬ್ಬಿನ ಕಾಲದಲ್ಲಿ ಮಂಡ್ಯದ ಒಳದಾರಿಗಳಲ್ಲಿ ಟ್ರ್ಯಾಕ್ಟರ್ ಹಿಂದೆ ಹೋದ ಫಿಲ್ಟರ್‌ಗೆ ಆಯಸ್ಸು ಕಮ್ಮಿ. ಅದು ಸರಿಯಿದ್ದರೆ ನಾಜಲ್. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್.

ಯಾವ ಸಿಲಿಂಡರ್ ಮಿಸ್ ಹೊಡೆಯುತ್ತಿದೆ (ಸರಿಯಾಗಿ ಉರಿಯುತ್ತಿಲ್ಲ) ಅಂತ ತಿಳಿಯಲು ಇಂಜಿನ್ ನಿಧಾನಕ್ಕೆ ಓಡುತ್ತಿರುವಾಗ ಒಂದೊಂದೇ ನಾಜಲ್‌ನ ಪೈಪ್ ನಟ್ ಸ್ವಲ್ಪ ಸಡಿಲಿಸಿ, ಮತ್ತೆ ಬಿಗಿ ಮಾಡಿ. ಸಡಿಲಿಸಿದಾಗ ಇಂಜಿನ್ ಕುಗ್ಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿದೆ. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಕಳ್ಳ. ಆ ನಾಜಲ್ಲನ್ನು ಪಕ್ಕದ ಸಿಲಿಂಡರ್‌ಗೆ ಅದಲುಬದಲು ಮಾಡಿ ನೋಡಿ. ತೊಂದರೆ ಜೊತೆಗೇ ಹೋದರೆ ನಾಜಲ್ ಕೆಟ್ಟಿದೆ, ಅಲ್ಲೇ ಉಳಿದರೆ ಕಂಪ್ರೆಷನ್ ಅಥವಾ ವಾಲ್ವ್. ನಾಜಲ್ ಕೆಳಗಿನ ವಾಷರ್ ಪ್ರತಿ ಸಲ ಹೊಸದೇ ಹಾಕಬೇಕು. ಅದರಲ್ಲಿ ಜಿಪುಣತನ ಬೇಡ. ನಾಜಲ್ ತುದಿಯನ್ನು ತಂತಿ ಬ್ರಷ್‌ನಿಂದ ಉಜ್ಜಬೇಡಿ, ಅದರ ತೂತು ಅಷ್ಟು ಸೂಕ್ಷ್ಮ.

ಎಮಿಷನ್ ಟೆಸ್ಟಿಗೆ ಹೋಗುವ ದಿನ ಗಾಡಿಯನ್ನು ಶ್ರೀರಂಗಪಟ್ಟಣದವರೆಗೆ ಓಡಿಸಿಕೊಂಡು ಬನ್ನಿ. ತಣ್ಣಗಿನ ಇಂಜಿನ್ ಹೊಗೆ ಜಾಸ್ತಿ ತೋರಿಸುತ್ತದೆ. ಬಿಎಸ್ 4ಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟತೆ ಅಳೆಯುವ ಮಾನ).

ನೀರು, ಆಯಿಲ್, ಬಿಸಿ

ಫಿಲ್ಟರ್ ಅಡಿಯ ಸ್ಕ್ರೂ ಬಿಚ್ಚಿ ತಿಂಗಳಿಗೊಮ್ಮೆ ಸ್ವಲ್ಪ ಡೀಸೆಲ್ ಗಾಜಿನ ಬಾಟಲಿಗೆ ಹಿಡಿಯಿರಿ. ಹತ್ತು ನಿಮಿಷ ಹಾಗೇ ಬಿಡಿ. ನೀರಿದ್ದರೆ ಕೆಳಗೆ ಬೇರೆಯಾಗಿ ನಿಲ್ಲುತ್ತದೆ, ನಡುವೆ ಗೆರೆ ಎಳೆದ ಹಾಗೆ ಕಾಣುತ್ತದೆ. ಕೆಲವು ಸಲ ಗೆರೆಯ ಮೇಲೆ ಕಂದು ಲೋಳೆ ಇರುತ್ತದೆ. ತುಂಬ ದಿನ ನಿಂತ ಡೀಸೆಲ್‌ನಲ್ಲಿ ಸೂಕ್ಷ್ಮಜೀವಿ ಬೆಳೆದು ಹೀಗಾಗುತ್ತದೆ. ಹಾಗಿದ್ದರೆ ಟ್ಯಾಂಕನ್ನೇ ಇಳಿಸಿ ತೊಳೆಸಬೇಕು. ಮಳೆಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಿಡಬೇಡಿ, ಖಾಲಿ ಜಾಗದಲ್ಲೇ ತೇವ ಕೂರುವುದು.

ಡೀಸೆಲ್ ಇಂಜಿನ್ ಆಯಿಲ್ ಹಾಕಿದ ಎರಡೇ ದಿನಕ್ಕೆ ಕಪ್ಪಾಗುತ್ತದೆ, ಹೆದರಬೇಡಿ. ಹೆದರಬೇಕಾದದ್ದು ಆಯಿಲ್ ಮಟ್ಟ ತಾನಾಗೇ ಏರಿದಾಗ. ಕಡ್ಡಿ ಮೂಸಿ ನೋಡಿ. ಡೀಸೆಲ್ ವಾಸನೆ ಬಂದರೆ ಎಲ್ಲೋ ಸೀಲ್ ಒಡೆದು ಡೀಸೆಲ್ ಬೆರೆಯುತ್ತಿದೆ. ಆ ಗಾಡಿ ಓಡಿಸಬೇಡಿ. ನಾನು ಮೊದಲು ಹೇಳಿದ, ತನ್ನಷ್ಟಕ್ಕೆ ಓಡುವ ಅಪಾಯ ಇಲ್ಲೇ ಹುಟ್ಟುವುದು. ಹಾಲು ಬೆರೆಸಿದ ಕಾಫಿ ಥರ ಕಂಡರೆ ನೀರು ಬೆರೆತಿದೆ.

ಹೀಟ್ ಆಗುವ ಗಾಡಿಗೆ ತುಂಬ ಜನ ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ವಾಲ್ವ್) ಕಿತ್ತು ಬಿಸಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಇಂಜಿನ್ ತಣ್ಣಗೇ ಓಡಿ ಬೇಗ ಸವೆಯುತ್ತದೆ. ರೇಡಿಯೇಟರ್ ಸಂದಿಯಲ್ಲಿ ಧೂಳು, ಕಬ್ಬಿನ ಸೂಲಂಗಿ ಕಟ್ಟಿರುತ್ತದೆ. ಇಂಜಿನ್ ಕಡೆಯಿಂದ ಹೊರಕ್ಕೆ ನಿಧಾನವಾಗಿ ನೀರು ಬಿಟ್ಟು ತೊಳೆಯಿರಿ. ಬೋರ್‌ವೆಲ್ ನೀರು ಬೇಡ, ಒಳಗೆ ಸುಣ್ಣ ಕಟ್ಟುತ್ತದೆ. ಬ್ಯಾಟರಿಗೆ ಹಾಕುವ ನೀರಿನಲ್ಲಿ ಕೂಲೆಂಟ್ ಬೆರೆಸಿ ಹಾಕಿ.

ಮನೆಯಲ್ಲಿ ಮುಟ್ಟಬಾರದ್ದು

ಪಂಪ್ ಒಳಗಿನ ಭಾಗ, ಪಂಪ್ ಟೈಮಿಂಗ್, ಹೆಡ್ ಕೆಲಸ. ಟೈಮಿಂಗ್ ಬೆಲ್ಟ್ ಇರುವ ಗಾಡಿಯನ್ನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಬೆಲ್ಟ್ ಯಾವಾಗ ಹಾಕಿದ್ದು ಗೊತ್ತಿಲ್ಲದಿದ್ದರೆ ಬೇರೆ ಎಲ್ಲಕ್ಕಿಂತ ಮೊದಲು ಅದನ್ನೇ ಹಾಕಿಸಿ. ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ.

ಪಂಪ್ ಶಾಪಿಗೆ ಹೋಗಲೇಬೇಕಾದರೆ ಸುಮ್ನೆ "ಸ್ಟಾರ್ಟ್ ಆಗ್ತಿಲ್ಲ" ಅನ್ನಬೇಡಿ. "ಬಾಟಲಿಯಿಂದ ಡೀಸೆಲ್ ಕೊಟ್ಟು ನೋಡಿದ್ದೀನಿ, ಪೈಪಿನಲ್ಲಿ ಏರ್ ಇಲ್ಲ, ಮೂರನೇ ನಾಜಲ್ ಅದಲುಬದಲು ಮಾಡಿದಾಗ ತೊಂದರೆ ಜೊತೆಗೇ ಹೋಯ್ತು. ಮೊದಲು ನಾಲ್ಕೂ ನಾಜಲ್ ಪ್ರೆಶರ್ ಮಾತ್ರ ಚೆಕ್ ಮಾಡಿ ಅಣ್ಣ" ಅಂತ ಹೇಳಿ, ಅಲ್ಲೇ ನಿಂತು ನೋಡಿ. ಒಳ್ಳೆ ನಾಜಲ್ ಕಿರ್ರೆಂದು ಸದ್ದು ಮಾಡುತ್ತಾ ಮಂಜಿನ ಹಾಗೆ ಸಿಂಪಡಿಸುತ್ತದೆ. ಕೆಟ್ಟದ್ದು ಮಗು ಉಚ್ಚೆ ಹೊಯ್ದ ಹಾಗೆ ಧಾರೆ ಬಿಡುತ್ತದೆ, ಇಲ್ಲವೇ ತುದಿಯಲ್ಲಿ ತೊಟ್ಟಿಕ್ಕುತ್ತದೆ.